ಕೊನೆಗೌಡ ಸಿಗದ ಕಾಲದಲ್ಲಿ ಅಡಿಕೆ ಕೊಯ್ಲು: ಮಳೆಗಾಲಕ್ಕೆ ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ಶಿರಸಿ, ಸಿದ್ದಾಪುರ, ಸಾಗರದ ಕಡೆ ನವರಾತ್ರಿ ಹತ್ತಿರ ಬಂತೆಂದರೆ ಯಾರ ಮನೆಗೆ ಹೋದರೂ ಚಹಾದ ಜೊತೆ ಬರುವ ಮಾತು ಒಂದೇ: "ನಿಂಗಳಲ್ಲಿ ಕೊನೆ ಕೊಯ್ಯಲೆ ಯಾರು ಬತ್ತ?" ಪುತ್ತೂರು, ಸುಳ್ಯದ ಕಡೆ ಇದೇ ಪ್ರಶ್ನೆ ಮೇ ತಿಂಗಳಿಗೇ ಶುರುವಾಗುತ್ತದೆ. ಅಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರಿಗಾಗಿ ಹುಡುಕಾಟ. ಮಾತು ಮುಂದುವರಿದರೆ "ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲ, ಮೊಬೈಲು ಸಾಕು" ಎನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಹೀಗೆ ಹೇಳಿ ಎದ್ದು ಹೋದರೆ ಮರದಿಂದ ಒಂದು ಕೊನೆಯೂ (ಅಡಿಕೆ ಗೊನೆ) ಇಳಿಯುವುದಿಲ್ಲ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಗದಿದ್ದರೆ ಒಂದರಿಂದ ಐದು ಎಕರೆಯೊಳಗಿನ ತೋಟದವರು ಏನು ಮಾಡಬಹುದು ಎಂಬುದನ್ನು ಇಲ್ಲಿ ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ದೊಡ್ಡ ಎಸ್ಟೇಟಿನವರ ಲೆಕ್ಕವೇ ಬೇರೆ.

1. ವರ್ಷದ ಕೆಲಸವನ್ನು ನಾಲ್ಕು ಭಾಗ ಮಾಡಿ

ಏಪ್ರಿಲ್‌ನಲ್ಲೇ ಒಂದು ಹಾಳೆ ತೆಗೆದುಕೊಂಡು ತೋಟದ ಎಲ್ಲ ಕೆಲಸವನ್ನೂ ಬರೆಯಿರಿ. ಮರ ಹತ್ತಲೇಬೇಕಾದ ಕೆಲಸ ಯಾವುದು? ಬೋರ್ಡೋ (ಮೈಲುತುತ್ತ, ಸುಣ್ಣದ ಮದ್ದು) ಹೊಡೆಯುವುದು, ಮಳೆ ತಾಗದಂತೆ ಕೊನೆಗೆ ಕೊಟ್ಟೆ ಕಟ್ಟುವುದು, ಕೊಯ್ಲು. ತುಂಬ ಕೈ ಬೇಕಾದದ್ದು ಯಾವುದು? ಹಸಿ ಅಡಿಕೆ ಸುಲಿಯುವುದು. ಯಂತ್ರದಿಂದ ಆಗುವಂಥದ್ದು ಕಳೆ ಕತ್ತರಿಸುವುದು, ಗೊಬ್ಬರ ಹೊರುವುದು, ಚಾಲಿ (ಹಣ್ಣಾದ ಮೇಲೆ ಸಿಪ್ಪೆಸಹಿತ ಒಣಗಿಸಿದ ಅಡಿಕೆ) ಸುಲಿಯುವುದು. ಉಳಿದದ್ದು ನಾಲ್ಕನೆಯದು, ಈ ವರ್ಷ ಬಿಟ್ಟರೂ ತೋಟ ಸಾಯದ ಕೆಲಸ.

ನಾಲ್ಕನೆಯದನ್ನು ಬರೆಯುವಾಗ ಮನೆಯ ಹಿರಿಯರು ಒಪ್ಪುವುದಿಲ್ಲ. ಪ್ರತಿ ವರ್ಷ ತೋಟ ಅಗತೆ ಮಾಡಬೇಕು, ಒಂದು ಹುಲ್ಲೂ ಕಾಣಬಾರದು, ದಾರಿಯಲ್ಲಿ ಹೋಗುವವರು ನೋಡಿ ಹೊಗಳಬೇಕು ಎನ್ನುವ ಕಾಲ ಅವರದ್ದು. ನೆಲ ಕೆರೆದು ಬೋಳು ಮಾಡಿದರೆ ಮಲೆನಾಡಿನ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಕಳೆಯನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ ಅಲ್ಲೇ ಮಲಗಿಸಿದರೆ ಆಳಿನ ಖರ್ಚೂ ಉಳಿಯಿತು, ಮಣ್ಣೂ ಉಳಿಯಿತು. ಬಿದ್ದ ಸೋಗೆಯನ್ನು (ಒಣಗಿದ ಅಡಿಕೆ ಗರಿ) ಕಡಿದು ಮರಗಳ ನಡುವೆ ಹಾಕಿದರೆ ಹೊರುವ ಕೆಲಸವೂ ಇಲ್ಲ. ಈ ಒಂದು ಬದಲಾವಣೆಗೆ ಅಪ್ಪನನ್ನು ಒಪ್ಪಿಸುವುದು ಕೊನೆಗೌಡನನ್ನು ಹುಡುಕುವುದಕ್ಕಿಂತ ಕಷ್ಟ ಎನ್ನುವವರೂ ಇದ್ದಾರೆ.

2. ಕೆಂಪೋ, ಚಾಲಿಯೋ, ಹಸಿಯೋ? ಮೊದಲೇ ತೀರ್ಮಾನಿಸಿ

ಕೆಂಪಡಿಕೆಗೆ ಬಲಿಯುವ ಮೊದಲೇ ಕೊನೆ ಇಳಿಸಬೇಕು, ಇಳಿಸಿದ ಮೇಲೆ ತಡ ಮಾಡದೆ ಸುಲಿದು ಬೇಯಿಸಬೇಕು. ಮೊದಲೆಲ್ಲ ರಾತ್ರಿ ಅಂಗಳದಲ್ಲಿ ದೀಪ ಹಾಕಿ ಇಪ್ಪತ್ತು ಜನ ಹೆಂಗಸರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುತ್ತಿದ್ದರು. ಈಗ ಅದೇ ಅಂಗಳದಲ್ಲಿ ನಾಲ್ವರು ಕೂತಿರುತ್ತಾರೆ, ನಾಲ್ವರೂ ಐವತ್ತು ದಾಟಿದವರು. ಅವರ ಹೆಣ್ಣುಮಕ್ಕಳು ಪೇಟೆಯ ಬಟ್ಟೆ ಅಂಗಡಿಯಲ್ಲೋ ಗಾರ್ಮೆಂಟ್ಸಿನಲ್ಲೋ ಇದ್ದಾರೆ. ಆ ಕೆಲಸಕ್ಕೆ ಅವರು ವಾಪಸ್ ಬರುವುದಿಲ್ಲ, ಬರಬೇಕೆಂದು ಬಯಸುವುದರಲ್ಲೂ ಅರ್ಥವಿಲ್ಲ.

ಚಾಲಿಗೆ ಈ ತುರ್ತು ಇಲ್ಲ. ಹಣ್ಣಾದ ಮೇಲೆ ಕೊಯ್ದು ಸುಮಾರು 40 ದಿನ ಬಿಸಿಲಿಗೆ ಒಣಗಿಸಿ ಚೀಲಕ್ಕೆ ತುಂಬಿಟ್ಟರೆ ಪುರಸೊತ್ತಾದಾಗ ಯಂತ್ರದಲ್ಲಿ ಸುಲಿಸಬಹುದು. ಸುಲಿಯುವ ಯಂತ್ರವನ್ನು ಮನೆ ಬಾಗಿಲಿಗೇ ತಂದು ಕಿಲೋ ಲೆಕ್ಕದಲ್ಲಿ ಸುಲಿದುಕೊಡುವವರು ಈಗ ಹೆಚ್ಚಿನ ಊರುಗಳಲ್ಲಿದ್ದಾರೆ. ಕೆಂಪಿಗೆ ದರ ಹೆಚ್ಚಿರುವ ವರ್ಷವೂ ಸುಲಿಯುವ ಕೂಲಿ, ಬೇಯಿಸುವ ಸೌದೆ, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ), ರಾತ್ರಿ ನಿದ್ದೆಗೆಡುವ ಮನೆಯವರ ಶ್ರಮ ಎಲ್ಲ ಕಳೆದು ನೋಡಿ. ಪೂರ್ತಿ ಬದಲಿಸುವುದು ಬೇಡ. ಮನೆಯವರೂ ಖಾಯಂ ಬರುವವರೂ ಸೇರಿ ಎಷ್ಟು ಸುಲಿಯಬಲ್ಲರೋ ಅಷ್ಟನ್ನು ಮಾತ್ರ ಕೆಂಪು ಮಾಡಿ, ಉಳಿದ ಮರಗಳನ್ನು ಹಣ್ಣಿಗೆ ಬಿಡಿ.

ಮೂರನೆಯ ದಾರಿ ಹಸಿ ಅಡಿಕೆ ಮಾರುವುದು. ಶಿರಸಿ ಸೀಮೆಯಲ್ಲಿ ಸಹಕಾರಿ ಸಂಘಗಳು ಹಸಿ ಅಡಿಕೆ ಟೆಂಡರ್ ನಡೆಸುತ್ತವೆ. ಚನ್ನಗಿರಿ, ಶಿವಮೊಗ್ಗದ ಕಡೆ ಚೇಣಿ ಕೊಡುವುದು, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ ಕೊಡುವುದು, ಮೊದಲಿಂದ ಇದ್ದದ್ದೇ. ವಯಸ್ಸಾದ ದಂಪತಿ ಮಾತ್ರ ಮನೆಯಲ್ಲಿದ್ದು ಮಕ್ಕಳು ಬೆಂಗಳೂರಿನಲ್ಲಿದ್ದರೆ ಇದು ಮರ್ಯಾದೆಯ ಪ್ರಶ್ನೆಯೇನೂ ಅಲ್ಲ. ಚೇಣಿ ಕೊಡುವುದಾದರೆ ಎರಡು ಮಾತು ಬರೆಸಿಕೊಳ್ಳಿ. ಹಣ ಯಾವ್ಯಾವ ಕೊಯ್ಲಿಗೆ ಎಷ್ಟು ಬರಬೇಕು ಎಂಬುದು ಒಂದು, ಎಳೆ ಕೊನೆ ಇಳಿಸಿದರೆ ನಷ್ಟ ಯಾರದ್ದು ಎಂಬುದು ಇನ್ನೊಂದು.

3. ದೋಟಿ ಕೊಳ್ಳುವ ಮೊದಲು ತಲೆಯೆತ್ತಿ ವಿದ್ಯುತ್ ತಂತಿ ನೋಡಿ

ಕಾರ್ಬನ್ ಫೈಬರ್ ದೋಟಿ (ನೆಲದಿಂದಲೇ ಕೊಯ್ಯುವ ಉದ್ದ ಕೋಲು) ಬಂದ ಮೇಲೆ ನೆಲದಲ್ಲಿ ನಿಂತೇ ಕೊನೆ ಕೊಯ್ಯುವುದೂ ಮದ್ದು ಹೊಡೆಯುವುದೂ ಸಾಧ್ಯವಾಗಿದೆ. ಹಗುರ, ಒಂದರೊಳಗೊಂದು ತೂರಿಕೊಂಡು ಉದ್ದವಾಗುತ್ತದೆ, ಅರವತ್ತು ಅಡಿಯ ಮರಕ್ಕೂ ಮುಟ್ಟುತ್ತದೆ. ಮರ ಹತ್ತಲು ಬಾರದ ಹುಡುಗನೂ ಒಂದು ವಾರ ಹಿಡಿದರೆ ಕೈ ಕೂರುತ್ತದೆ. ಮನೆಯ ಮಗನೇ ರಜೆಯಲ್ಲಿ ಬಂದಾಗ ನಾಲ್ಕು ಸಾಲು ಕೊಯ್ಯಬಹುದು. ಕತ್ತು ನೋಯುತ್ತದೆ ನಿಜ, ಅರ್ಧ ಗಂಟೆಗೊಮ್ಮೆ ಹಿಡಿಯುವ ಕೈ ಬದಲಾಗಬೇಕು. ಕೆಳಗೆ ಇಬ್ಬರು ಬಲೆ ಅಥವಾ ಗೋಣಿ ಹಿಡಿದು ನಿಂತರೆ ಕೊನೆ ಉದುರುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಒತ್ತಿ ಹೇಳಬೇಕು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯುಮಿನಿಯಂ ದೋಟಿ ಮತ್ತು ಏಣಿಯಲ್ಲೂ ಹಾಗೆಯೇ. ತಂತಿಗೆ ತಾಗಿ ಜೀವ ಹೋದ ಪ್ರಕರಣಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಆಗಿವೆ. ತೋಟದ ಮೇಲೆ ಹಾದುಹೋಗುವ ಲೈನಿನ ಎರಡೂ ಬದಿಯಲ್ಲಿ, ದೋಟಿ ಪೂರ್ತಿ ಉದ್ದವಾಗಿ ವಾಲಿ ಬಿದ್ದರೂ ತಂತಿಗೆ ತಾಗದಷ್ಟು ದೂರದವರೆಗಿನ ಮರಗಳಿಗೆ ಕೆಂಪು ಬಣ್ಣ ಬಳಿಯಿರಿ. ಆ ಮರಗಳಿಗೆ ದೋಟಿ ಹಚ್ಚಬಾರದು. ಅವುಗಳನ್ನು ಕೊಯ್ಯಲೇಬೇಕಾದರೆ ಮೆಸ್ಕಾಂ ಅಥವಾ ಹೆಸ್ಕಾಂನ ಲೈನ್‌ಮನ್‌ಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ಕೊಯ್ಯಬೇಕು. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವಾಗ ದೋಟಿಯನ್ನು ನಿಲ್ಲಿಸಿಕೊಂಡೇ ನಡೆಯುವುದು ಎಲ್ಲರ ಚಾಳಿ. ಮಡಚಿ ಇಳಿಸಿಕೊಂಡು ಹೋಗಲು ಮೊದಲ ದಿನವೇ ಅಭ್ಯಾಸ ಮಾಡಿಸಿ.

ಬೆಲೆ ಹಲವು ಹತ್ತು ಸಾವಿರ ಆಗುತ್ತದೆ. ಸಹಾಯಧನ ಈ ವರ್ಷ ಇದೆಯೇ ಎಂದು ತಾಲೂಕಿನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ, ಇಲ್ಲದಿದ್ದರೆ ನಾಲ್ಕು ಮನೆ ಸೇರಿ ಒಂದು ಕೊಳ್ಳಿ. ಕಳೆ ಕತ್ತರಿಸುವ ಯಂತ್ರ, ಟಿಲ್ಲರ್‌ನಂಥವು ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತವೆ, ವರ್ಷಕ್ಕೆರಡು ಸಲದ ಕೆಲಸಕ್ಕೆ ಸ್ವಂತದ್ದು ಬೇಕಿಲ್ಲ.

ಮರ ಏರುವ ಯಂತ್ರಗಳ ಬಗ್ಗೆಯೂ ಕೇಳುತ್ತಾರೆ. ಬಂಟ್ವಾಳ ತಾಲೂಕು ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ ಮರ ಏರುವ ಬೈಕು ದೇಶದ ಗಮನ ಸೆಳೆದದ್ದು ನೆನಪಿರಬಹುದು. ಹತ್ತಲು ಹೆದರುವವರಿಗೆ ಅದು ಅನುಕೂಲ. ಆದರೆ ಪ್ರತಿ ಮರಕ್ಕೂ ಇಳಿದು ಮತ್ತೆ ಕಟ್ಟಬೇಕು. ಒಳ್ಳೆಯ ಕೊನೆಗೌಡ ತುದಿಯಲ್ಲೇ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾನೆ, ಅರ್ಧ ಸಾಲು ಮುಗಿದ ಮೇಲೆಯೇ ನೆಲ ಮುಟ್ಟುತ್ತಾನೆ. ಆ ವೇಗ ಯಂತ್ರಕ್ಕಿಲ್ಲ. ಡ್ರೋನ್ ಕೊಳೆರೋಗಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ. ಮದ್ದು ಬೀಳಬೇಕಾದದ್ದು ಹೆಡೆಯ (ಮರದ ಗರಿ) ಕೆಳಗಿರುವ ಕೊನೆಗೆ, ಡ್ರೋನ್ ತೋಯಿಸುವುದು ಹೆಡೆಯ ಮೇಲ್ಭಾಗವನ್ನು.

4. ಮದ್ದಿನ ದಿನ ಕಳೆದುಕೊಳ್ಳಬೇಡಿ

ಮೊದಲ ಬೋರ್ಡೋ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನ ಬಿಟ್ಟು. ಹೊಡೆಯುವವನು ಬಂದು ನಿಂತ ಮೇಲೆ ಸುಣ್ಣ ತರಲು ಪೇಟೆಗೆ ಹೋಗುವ ಮನೆಗಳಿವೆ. ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್‌ನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು. ಹಿಂದಿನ ಸಂಜೆಯೇ ಡ್ರಮ್ಮುಗಳಿಗೆ ನೀರು ತುಂಬಿಸಿಟ್ಟು, ತುತ್ತ ನೆನೆಸಿಟ್ಟು, ಪೈಪು ಮತ್ತು ನಾಝಲ್ ನೋಡಿಟ್ಟರೆ ಎಂಟು ಗಂಟೆಗೆ ಬಂದವನು ಎಂಟೂಕಾಲಕ್ಕೆ ಮರದ ಮೇಲಿರುತ್ತಾನೆ. ತಯಾರಿ ಇರುವ ಮನೆಗೆ ಕೊನೆಗೌಡರು ಮೊದಲು ಬರುತ್ತಾರೆ, ಅವರಿಗೂ ದಿನಕ್ಕೆ ಎರಡು ತೋಟ ಮುಗಿಸುವ ಲೆಕ್ಕ ಇರುತ್ತದೆ.

5. ಹುಡುಗರು ಯಾಕೆ ಬರುವುದಿಲ್ಲ ಎಂದು ಅವರನ್ನೇ ಕೇಳಿ

ಸಿದ್ದಾಪುರದ ಕಡೆ ಮರ ಹತ್ತುವ ಒಬ್ಬ ಯುವಕನಿದ್ದಾನೆ, ಇಪ್ಪತ್ತೈದರ ಆಸುಪಾಸು. ಬೈಕಿನ ಹಿಂದೆ ಹಗ್ಗ, ಕತ್ತಿ, ಮರ ಹತ್ತುವಾಗ ಕಾಲಿಗೆ ಹಾಕುವ ತಳೆ ಕಟ್ಟಿಕೊಂಡು ಬರುತ್ತಾನೆ, ಒಂದು ಕಿವಿಯಲ್ಲಿ ಇಯರ್‌ಫೋನ್ ಇರುತ್ತದೆ. ಕೆಲಸದಲ್ಲಿ ಅವನಪ್ಪನಿಗಿಂತ ಚುರುಕು. ಒಂದು ಮನೆಗೆ ಮಾತ್ರ ಹೋಗುವುದನ್ನು ಬಿಟ್ಟಿದ್ದಾನೆ. ಕಾರಣ ಕೇಳಿದರೆ ಕೂಲಿಯ ಮಾತೇ ಎತ್ತಲಿಲ್ಲ. "ಅಲ್ಲಿ ಅಜ್ಜ ನನ್ನ ಹೆಸರು ಕೇಳೂದೇ ಇಲ್ರಾ. ಏಯ್ ಅಂತ್ರು. ಚಾ ಹಿತ್ಲ ಕಡೆ ಇಡ್ತ್ರು."

ಕೆಲಸಗಾರರ ಕೊರತೆಗೆ ಅನ್ನಭಾಗ್ಯವನ್ನೂ ಉದ್ಯೋಗ ಖಾತ್ರಿಯನ್ನೂ ಬೈಯುವುದು ರೂಢಿ. ಹೊಟ್ಟೆಗಿಲ್ಲದೆ ಬರುತ್ತಿದ್ದವರು ಹೊಟ್ಟೆ ತುಂಬಿದ ಮೇಲೆ ಬರುತ್ತಿಲ್ಲ ಎಂದರೆ ಮೊದಲು ಬರುತ್ತಿದ್ದದ್ದು ಯಾಕೆ ಎಂದು ಯೋಚಿಸಬೇಕಾದವರು ನಾವು. ಬದಲಾವಣೆ ಇನ್ನೂ ಹಿಂದಿನದು. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿ ಮಾಡುತ್ತಿದ್ದವರಿಗೆ ಭೂಮಿ ಬಂತು. ಭೂಮಿ ಬಂದ ಮನೆಯ ಮಕ್ಕಳು ಶಾಲೆಗೆ ಹೋದರು, ಮೊಮ್ಮಕ್ಕಳು ಐಟಿಐ, ಡಿಪ್ಲೊಮಾ ಓದಿದರು. ಅವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಾನೆ, ಮಳೆಯಲ್ಲಿ ನೆನೆಯುತ್ತಾನೆ, ತೋಟಕ್ಕಿಂತ ಸುಖದ ಕೆಲಸವೇನೂ ಅಲ್ಲ. ಆದರೆ ಅಲ್ಲಿ ಅವನ ಅಪ್ಪ ಯಾರ ಮನೆಯ ಆಳು ಎಂದು ಯಾರೂ ಕೇಳುವುದಿಲ್ಲ.

ಇನ್ನೊಂದು ಕಡೆ ನೋಡಿ. ತೋಟ ಬಿಟ್ಟು ಮೊದಲು ಹೋದದ್ದು ಆಳಿನ ಮಗನಲ್ಲ, ಒಡೆಯನ ಮಗ. "ನನ್ನ ಮಗ ಈ ಕೆಸರಿನಲ್ಲಿ ಒದ್ದಾಡುವುದು ಬೇಡ" ಎಂದು ಇಂಜಿನಿಯರಿಂಗ್‌ಗೆ ಕಳಿಸಿದ ನಾವೇ ಕೊನೆಗೌಡನ ಮಗ ಮಾತ್ರ ಮರ ಹತ್ತುತ್ತಿರಬೇಕೆಂದು ಬಯಸುತ್ತಿದ್ದೇವೆ. ತೋಟದವನಿಗೆ ಹೆಣ್ಣು ಸಿಗುವುದಿಲ್ಲ ಎಂದು ಗೋಳಾಡುವ ನಮಗೆ ಮರ ಹತ್ತುವವನಿಗೂ ಅದೇ ಪಾಡು ಎಂಬುದು ತಿಳಿಯದ್ದೇನಲ್ಲ.

ಇದರಿಂದ ಮಾಡಬೇಕಾದ ಕೆಲಸಗಳು ಸಣ್ಣವು, ಖರ್ಚಿಲ್ಲದವು. ಹೆಸರು ಹಿಡಿದು ಕರೆಯಿರಿ, ವಯಸ್ಸಾದವರಾದರೆ "ಬನ್ನಿ, ಹೋಗಿ" ಎನ್ನಿ. ಚಹಾ, ಊಟ ಮನೆಯವರಿಗೆ ಬಡಿಸುವಂಥ ತಟ್ಟೆ ಲೋಟದಲ್ಲಿ, ಜಗುಲಿಯಲ್ಲೇ. ಹೆಂಗಸರು ಕೆಲಸಕ್ಕೆ ಬರುವ ಮನೆಯಲ್ಲಿ ಅವರಿಗೊಂದು ಶೌಚಾಲಯ, ಕೈಕಾಲು ತೊಳೆಯಲು ನೀರು. ಮನೆಯ ಅಜ್ಜನ ಬಾಯಿ ನಿಲ್ಲಿಸಲು ಆಗದಿದ್ದರೆ ಕೆಲಸ ಹೇಳುವವರು ಒಬ್ಬರೇ ಇರಲಿ, ಅದು ಅಜ್ಜ ಆಗದಿರಲಿ.

6. ಕೂಲಿ, ಹೊತ್ತು, ಮುಂಗಡ

ಹಳಬರು ಬೆಳಗಾದರೆ ಬರುತ್ತಿದ್ದರು, ಕತ್ತಲಾದರೆ ಹೋಗುತ್ತಿದ್ದರು. ನಡುವೆ ಎಲೆ ಅಡಿಕೆಗೆ ಕೂತರೆ ಯಾರೂ ಕೇಳುತ್ತಿರಲಿಲ್ಲ. ಹೊಸಬರು ಹೊತ್ತು ಕೇಳುತ್ತಾರೆ. "ಎಂಟರಿಂದ ಎರಡು" ಎಂದರೆ ಎರಡಕ್ಕೆ ಇಳಿದೇ ಇಳಿಯುತ್ತಾರೆ, ಆದರೆ ಆ ಆರು ಗಂಟೆಯಲ್ಲಿ ಕೈ ನಿಲ್ಲುವುದಿಲ್ಲ. ಇದನ್ನು ಸೋಮಾರಿತನ ಎಂದುಕೊಂಡವರು ಸಿಕ್ಕಿದ ಒಳ್ಳೆಯ ಕೆಲಸಗಾರರನ್ನು ಕಳೆದುಕೊಳ್ಳುತ್ತಾರೆ.

ಕೊಯ್ಲಿಗೆ ಮರಕ್ಕಿಷ್ಟು ಅಥವಾ ಕೊನೆಗಿಷ್ಟು ಎಂಬ ಲೆಕ್ಕ ಒಳ್ಳೆಯದು, ಎರಡು ಕಡೆಗೂ ಜಗಳವಿಲ್ಲ. ಮದ್ದಿಗೆ ಡ್ರಮ್ಮಿನ ಲೆಕ್ಕ ಕೊಟ್ಟರೆ ಬೇಗ ಖಾಲಿ ಮಾಡುವ ಆಸೆ ಹುಟ್ಟುತ್ತದೆ, ಕೊನೆ ಸರಿಯಾಗಿ ತೋಯುವುದಿಲ್ಲ. ಅಲ್ಲಿ ದಿನಗೂಲಿಯೇ ಇರಲಿ. ಮರ ಹತ್ತುವವರಿಗೆ ಸಾಮಾನ್ಯ ಕೂಲಿಯ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ, ಅದಕ್ಕೆ ಹೊಟ್ಟೆ ಉರಿದುಕೊಳ್ಳಬಾರದು. ಬಿದ್ದರೆ ಜೀವನ ಮುಗಿಯುವ ಕೆಲಸ, ವರ್ಷದಲ್ಲಿ ಕೆಲವೇ ತಿಂಗಳು ಸಿಗುವ ಸಂಪಾದನೆ.

ಹಣ ಅದೇ ಸಂಜೆ ಫೋನ್‌ಪೇ ಅಥವಾ ಗೂಗಲ್‌ಪೇಯಲ್ಲಿ ಹೋಗಲಿ. "ಅಡಿಕೆ ಮಾರಿದ ಮೇಲೆ ಕೊಡುತ್ತೇನೆ" ಎನ್ನುವ ಮಾತು ಈ ತಲೆಮಾರಿಗೆ ನಡೆಯುವುದಿಲ್ಲ. ಎಲೆಚುಕ್ಕೆ ರೋಗದಿಂದ ಫಸಲು ಹೋದವರಿಗೆ ಕೈಯಲ್ಲಿ ಹಣ ಇರುವುದಿಲ್ಲ ಎಂಬುದು ನಿಜವೇ. ಸೊಸೈಟಿಯ ಬೆಳೆಸಾಲದಲ್ಲಿ ಕೊಯ್ಲಿನ ಕೂಲಿಯ ಪಾಲನ್ನು ಮೊದಲೇ ಬೇರೆ ತೆಗೆದಿಡಿ.

ಮುಂಗಡದ ವಿಷಯದಲ್ಲಿ ಎಚ್ಚರ ಬೇಕು. ಮದುವೆಗೋ ಆಸ್ಪತ್ರೆಗೋ ಹಣ ಕೊಟ್ಟು "ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ" ಎನ್ನುವುದು ಹಳೆಯ ಪದ್ಧತಿ. ಸಾಲಕ್ಕೆ ಪ್ರತಿಯಾಗಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವುದು 1976ರ ಜೀತಪದ್ಧತಿ ನಿರ್ಮೂಲನ ಕಾಯ್ದೆಯಡಿ ಅಪರಾಧ. ಸಹಾಯ ಮಾಡಬೇಕೆನಿಸಿದರೆ ಸಾಲವೆಂದೇ ಬರೆದು ಕೊಡಿ, ಕೆಲಸಕ್ಕೆ ಪೂರ್ತಿ ಕೂಲಿ ಕೊಡಿ, ವಾಪಸಾತಿಯ ಮಾತು ಬೇರೆ ಆಡಿ.

7. ವಿಮೆ ಮಾಡಿಸಿದ ಮೇಲೆಯೇ ಮರ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಉಳಿತಾಯ ಖಾತೆ ಇರುವ ಯಾರಾದರೂ ಸೇರಬಹುದು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ. ಅವಧಿ ಜೂನ್ 1ರಿಂದ ಮೇ 31ರವರೆಗೆ, ಆದ್ದರಿಂದ ಮೇ ತಿಂಗಳಲ್ಲೇ ಖಾತೆಯಲ್ಲಿ ಹಣ ಇದೆಯೇ ನೋಡಿಕೊಳ್ಳಲು ಹೇಳಿ. ಇದು ಆಸ್ಪತ್ರೆಯ ಖರ್ಚು ಕೊಡುವುದಿಲ್ಲ, ಅದಕ್ಕೆ ಬೇರೆ ಅಪಘಾತ ವಿಮೆ ಬೇಕು. ನಾಲ್ಕೈದು ತೋಟದವರು ಸೇರಿ ಕಂತು ಹಂಚಿಕೊಂಡರೆ ಯಾರಿಗೂ ಹೊರೆಯಲ್ಲ. ಅಸಂಘಟಿತ ಕಾರ್ಮಿಕರಿಗಾಗಿ 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಇಲ್ಲದಿದ್ದರೆ ಗ್ರಾಮ ಒನ್ ಕೇಂದ್ರದಲ್ಲಿ ವಿಚಾರಿಸಿ ಅದನ್ನೂ ಮಾಡಿಸಿ. ಸೊಂಟಕ್ಕೆ ಕಟ್ಟುವ ಬೆಲ್ಟನ್ನು ನೀವೇ ತಂದಿಡಿ. ಹಳಬರು ಬೆಲ್ಟ್ ಕಂಡರೆ ನಗುತ್ತಾರೆ, ಹುಡುಗರು ಕಟ್ಟಿಕೊಳ್ಳುತ್ತಾರೆ.

ಮರ ಹತ್ತುವುದನ್ನು ಹೊಸದಾಗಿ ಕಲಿಯುವ ಆಸಕ್ತಿ ಯಾರಿಗಾದರೂ ಇದ್ದರೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿ 'ಅಡಿಕೆ ಕೌಶಲ ಪಡೆ' ಹೆಸರಿನಲ್ಲಿ ತರಬೇತಿ ಶಿಬಿರ ನಡೆದಿದೆ, ಕಾಲೇಜು ಓದಿದವರೂ ಕಲಿತು ಹೋಗಿದ್ದಾರೆ.

8. ಹೊರಗಿನಿಂದ ಬಂದವರಾದರೆ

ಉತ್ತರ ಕರ್ನಾಟಕ, ಜಾರ್ಖಂಡ್, ಅಸ್ಸಾಂ ಕಡೆಯವರು ಈಗ ತೋಟಗಳಲ್ಲಿ ಸಾಮಾನ್ಯ. ಕಳೆ, ಗೊಬ್ಬರ, ಒಣಗಿಸುವ ಕೆಲಸಕ್ಕೆ ಒದಗುತ್ತಾರೆ, ಮರಕ್ಕೆ ಹತ್ತಿಸಬೇಡಿ. ಆಧಾರ್ ಪ್ರತಿ ಇಟ್ಟುಕೊಳ್ಳಿ, ಮೂಲವನ್ನು ಇಟ್ಟುಕೊಳ್ಳಬೇಡಿ. ಕೊಟ್ಟಿಗೆಯ ಮೂಲೆ ಕೊಟ್ಟರೆ ಒಂದು ತಿಂಗಳಿಗೆ ಹೋಗುತ್ತಾರೆ. ಬಾಗಿಲು, ಲೈಟು, ಚಾರ್ಜಿಂಗ್ ಪಾಯಿಂಟ್ ಇರುವ ಕೋಣೆ ಕೊಟ್ಟರೆ ಮುಂದಿನ ವರ್ಷ ತಮ್ಮನನ್ನೂ ಕರೆತರುತ್ತಾರೆ. ಅವರ ಊರಿನ ರೇಷನ್ ಕಾರ್ಡಿನಲ್ಲಿ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಲು ಅವಕಾಶವಿದೆ ಎಂದು ತಿಳಿಸಿ.

9. ಮುಯ್ಯಾಳನ್ನು ವಾಟ್ಸಾಪಿಗೆ ತನ್ನಿ

ಮಲೆನಾಡಿನಲ್ಲಿ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಂತೆ ಹೋಗುವ ಮುಯ್ಯಾಳು ಪದ್ಧತಿ ಗದ್ದೆ ನಾಟಿಯ ಜೊತೆಗೇ ಹೋಯಿತು. ಅಡಿಕೆಗೆ ಅದನ್ನು ಬೇರೆ ರೂಪದಲ್ಲಿ ತರಬಹುದು. ಒಂದು ಕೇರಿಯ ಎಂಟು ಹತ್ತು ತೋಟದವರು ಒಂದು ಗುಂಪು ಮಾಡಿ, ಇಬ್ಬರು ಮೂವರು ಕೊನೆಗೌಡರಿಗೆ ಆಗಸ್ಟಿನಲ್ಲೇ ಇಡೀ ಹಂಗಾಮಿನ ಕೆಲಸವನ್ನು ಒಟ್ಟಾಗಿ ಒಪ್ಪಿಸಿ. ಯಾರ ತೋಟ ಯಾವ ವಾರ ಎಂದು ಗುಂಪಿನಲ್ಲಿ ಹಾಕಿ. ಬೆಳೆ ಬೇಗ ಬಲಿಯುವ ತೋಟ ಮೊದಲು, ತಡವಾಗುವುದು ಆಮೇಲೆ. ಕೊನೆಗೌಡರಿಗೆ ಮೂರು ತಿಂಗಳ ಕೆಲಸ ಖಾತ್ರಿ, ನಿಮಗೆ ಬೆಳಗ್ಗೆ ಬೆಳಗ್ಗೆ ಫೋನ್ ಹಚ್ಚುವ ಗೋಜಿಲ್ಲ. ನೂರು ರೂಪಾಯಿ ಜಾಸ್ತಿ ಕೊಟ್ಟು ಪಕ್ಕದವನ ಸರದಿಯ ದಿನ ಎಳೆದುಕೊಳ್ಳುವವನು ಒಬ್ಬನಿದ್ದರೂ ಗುಂಪು ಉಳಿಯುವುದಿಲ್ಲ. ಸರದಿ ಬದಲಿಸಬೇಕಾದರೆ ಎಲ್ಲರೆದುರು ಗುಂಪಿನಲ್ಲೇ ಕೇಳಬೇಕೆಂಬ ನಿಯಮ ಮಾಡಿ.

ಹೊಸ ಗಿಡ ಹಾಕುವವರಿದ್ದರೆ ಈಗಲೇ ಯೋಚಿಸಿ. ಸಿಪಿಸಿಆರ್‌ಐ ಬಿಡುಗಡೆ ಮಾಡಿದ ವಿಟಿಎಲ್‌ಎಎಚ್-1, ವಿಟಿಎಲ್‌ಎಎಚ್-2 ಗಿಡ್ಡ ತಳಿಗಳು ಹಿರೇಹಳ್ಳಿ ಗಿಡ್ಡ ತಳಿಯನ್ನು ಸುಮಂಗಳ, ಮೋಹಿತ್‌ನಗರಗಳ ಜೊತೆ ಸಂಕರ ಮಾಡಿ ಪಡೆದವು. ಗಿಡ ಸಿಗಲು ಮೊದಲೇ ಹೆಸರು ಬರೆಸಬೇಕು. ಎಲ್ಲ ಕಡೆ ಅದನ್ನೇ ಹಾಕಿ ಎನ್ನಲಾರೆ, ಸತ್ತ ಮರದ ಜಾಗಕ್ಕೆ ಕೆಲವನ್ನು ಹಾಕಿ ನೋಡಬಹುದು. ಅಂತರ ಒಂಬತ್ತು ಅಡಿಗೆ ಕಡಿಮೆ ಮಾಡಬೇಡಿ. ಒತ್ತಾಗಿ ನೆಟ್ಟರೆ ಮರ ಬೆಳಕಿಗಾಗಿ ಎತ್ತರಕ್ಕೆ ಓಡುತ್ತದೆ, ಇಪ್ಪತ್ತು ವರ್ಷದ ಮೇಲೆ ಅದನ್ನು ಹತ್ತಬೇಕಾದವರು ಯಾರು ಎಂಬ ಪ್ರಶ್ನೆ ಮತ್ತೆ ಬರುತ್ತದೆ.

ಕೊನೆಯ ಕೊಯ್ಲು ಮುಗಿದ ದಿನ ಲೆಕ್ಕ ಪೂರ್ತಿ ಚುಕ್ತಾ ಮಾಡಿ. ಯಾವ ಸಾಲಿನ ಮರ ಟೊಳ್ಳಾಗಿದೆ, ಯಾವುದಕ್ಕೆ ಹತ್ತಬಾರದು ಎಂದು ಕೊನೆಗೌಡನನ್ನೇ ಕೇಳಿ ಗುರುತು ಹಾಕಿಸಿಕೊಳ್ಳಿ. ಮೇಲಿನಿಂದ ನೋಡಿದವನಿಗೆ ಮಾತ್ರ ಗೊತ್ತಿರುವ ವಿಷಯ ಅದು. ಆ ಮರಗಳನ್ನು ಬೇಸಿಗೆಯಲ್ಲೇ ಕಡಿಸಿ ಹಾಕಿ.